ಚಳಿಗಾಲ ಮತ್ತು ಪೂಜಾಗೃಹದ ಬಿಲ್ವದ ಸಸಿ

ಮಾರ್ಗಶಿರ ಮಾಸ ಕಾಲಿಟ್ಟೊಡನೆ ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಬೆಳಗಿನ ಚಳಿ ಮೈಗೆ ತಾಗತೊಡಗುತ್ತದೆ. ನಾವು ಹಚ್ಚಡ ಹೊದೆಯುತ್ತೇವೆ; ಮನೆಯೊಳಗೆ ಕುಂಡದಲ್ಲಿ ಬೆಳೆಸಿದ ಸಸಿಗಳ ಸ್ಥಿತಿ ಏನೆಂದು ಯೋಚಿಸುವವರು ಕಡಿಮೆ. ಹಿತ್ತಿಲಿಲ್ಲದ ಹೊಸ ಮನೆಗಳಲ್ಲಿ ನಿತ್ಯ ಪೂಜೆಯ ಪತ್ರಿಗೆಂದು ಬಿಲ್ವದ ಸಸಿಯನ್ನು ಕುಂಡದಲ್ಲಿಟ್ಟು ಸಾಕುವುದುಂಟು. ನಮ್ಮ ಮನೆಯಲ್ಲಿಯೂ ಹಾಗೆಯೇ ಸಾಕಿದ್ದೆವು. ಒಂದರ ಹಿಂದೊಂದರಂತೆ ಎರಡು ಸಸಿಗಳು ಚಳಿಗಾಲದಲ್ಲಿಯೇ ಸತ್ತವು. ಚಳಿ ಕೊಂದಿತೆಂದು ಬಹುಕಾಲ ನಂಬಿದ್ದೆವು. ಕೊಂದವರು ನಾವೇ.

ಕಾರಣ ನಮ್ಮ ಶ್ರದ್ಧೆಯಲ್ಲಿಯೇ ಅಡಗಿತ್ತು. ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಗಿಡದ ಬುಡಕ್ಕೆ ಹಾಕುವುದು ವಾಡಿಕೆ. ಮನೆಯಲ್ಲಿ ಐದು ಜನ ಲಿಂಗಧಾರಿಗಳಿದ್ದು, ಎರಡು ಹೊತ್ತಿನ ಪೂಜೆಗೆ ತಲಾ ಒಂದು ಲೋಟ ನೀರೆಂದರೂ ದಿನಕ್ಕೆ 10 ಲೋಟವಾಯಿತು. ಅಷ್ಟೂ ಒಂದೇ ಚಿಕ್ಕ ಕುಂಡಕ್ಕೆ! ಬೇಸಿಗೆಯಲ್ಲಿ ಇದು ಹೇಗೋ ಆರಿಹೋಗುತ್ತದೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಬಿಸಿಲು ಎಳೆಯದು. ಗಿಡದ ಬೆಳವಣಿಗೆ ಮಂದವಾಗಿ ಅದು ಹೀರುವ ನೀರೂ ತಗ್ಗುತ್ತದೆ. ಮಿಕ್ಕ ನೀರು ಮಣ್ಣಿನ ಸಂದುಗಳಲ್ಲಿ ನಿಂತು ಗಾಳಿಯನ್ನು ಹೊರಗಟ್ಟುತ್ತದೆ. ಉಸಿರಿಲ್ಲದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತಲಾರದು, ಆದ್ದರಿಂದ ಎಲೆ ಬಾಡುತ್ತದೆ. ಬಾಯಾರಿದೆಯೆಂದು ತಿಳಿದು ನಾವು ಇನ್ನೊಂದು ತಂಬಿಗೆ ಸುರಿಯುತ್ತೇವೆ.

ಮಜ್ಜನಕ್ಕೆ ಹಾಲು ಬಳಸಿದ್ದರೆ ಮಣ್ಣಿನ ಮೇಲೆ ಜಿಡ್ಡು ಕಟ್ಟಿ ಇರುವೆಗಳು ಮುತ್ತುತ್ತವೆ. ವಿಭೂತಿ ಬೆರೆತ ನೀರು ದಿನವೂ ಬಿದ್ದರೆ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚುತ್ತದೆ. ನಿರ್ಮಾಲ್ಯದ ಪತ್ರಿ, ಹೂಗಳನ್ನು ಬುಡದಲ್ಲಿಯೇ ರಾಶಿ ಹಾಕಿದರೆ ತೇವ ಆರುವುದೇ ಇಲ್ಲ. ಆದುದರಿಂದ ಈ ನೀರನ್ನು ಅಂಗಳದ ತೆಂಗಿಗೋ, ಬೀದಿಯ ಹೊಂಗೆ ಬೇವುಗಳಿಗೋ ಎರೆಯುವುದು ಲೇಸು. ನಿರ್ಮಾಲ್ಯವನ್ನು ನೆರಳಲ್ಲಿ ಒಣಗಿಸಿ ಬೇರೆ ಮಡಕೆಯಲ್ಲಿ ಗೊಬ್ಬರ ಮಾಡಬಹುದು. ಪಾವಿತ್ರ್ಯಕ್ಕೂ ಇದರಿಂದ ಕುಂದಿಲ್ಲವೆಂದೇ ನಮ್ಮ ಭಾವನೆ.

ಇನ್ನು ಮಣ್ಣಿನ ಮಾತು. ಸವದತ್ತಿ ಸೀಮೆಯಲ್ಲಿ ಕೈಗೆ ಸಿಗುವುದು ಎರೆಮಣ್ಣು. ಅದನ್ನೇ ಕುಂಡಕ್ಕೆ ತುಂಬುತ್ತೇವೆ. ಈ ಮಣ್ಣಿನ ಗುಣ ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆಗಳು ಚಳಿಗಾಲದುದ್ದಕ್ಕೂ ಮಳೆಯಿಲ್ಲದೆ, ಎರೆಭೂಮಿ ಒಡಲಲ್ಲಿ ಹಿಡಿದಿಟ್ಟ ಹಸಿಯಿಂದಲೇ ಕಾಳುಗಟ್ಟುತ್ತವೆ. ಹೊಲದಲ್ಲಿ ಎಷ್ಟೋ ವಾರ ಹಸಿ ಕಾಯುವ ಮಣ್ಣಿಗೆ ಮನೆಯಲ್ಲಿ ಎರಡು ಹೊತ್ತು ನೀರು! ಎರೆಮಣ್ಣು, ಹೊಳೆಯ ಉಸುಕು, ಚೆನ್ನಾಗಿ ಕಳಿತ ಸೆಗಣಿಗೊಬ್ಬರ ಈ ಮೂರನ್ನೂ ಸಮಪಾಲು ಬೆರೆಸಿದರೆ ನೀರು ಬಸಿದುಹೋಗುತ್ತದೆ. ಕುಂಡದ ತಳದ ರಂಧ್ರ ಮುಚ್ಚಿರಬಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು, ಅದೂ ಬಿಸಿಲೇರಿದ ಮೇಲೆ.

ಬೆಳಕಿನ ವಿಷಯದಲ್ಲಿ ನಾವು ಗಮನಿಸದ ಒಂದು ಸಂಗತಿಯುಂಟು. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯನು ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ಬಹಳವಾಗಿ ವಾಲುತ್ತಾನೆ. ಮಳೆಗಾಲದಲ್ಲಿ ಉತ್ತರದ ಕಿಡಕಿಯ ಬಳಿ ನಳನಳಿಸಿದ ಕುಂಡ ಈಗ ಕತ್ತಲಲ್ಲಿ ಉಳಿಯುತ್ತದೆ, ದಕ್ಷಿಣದ ಕಿಡಕಿಯಿಂದ ಬಿಸಿಲು ಪಡಸಾಲೆಯ ಒಳತನಕ ಬರುತ್ತದೆ. ಕುಂಡಗಳನ್ನು ಅಲ್ಲಿಗೆ ಸರಿಸುವುದಕ್ಕೆ ಖರ್ಚೇನೂ ಇಲ್ಲ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಬೆಳಕು ಮೊದಲೇ ಕಡಿಮೆ. ಅಂಥಲ್ಲಿ ಮುಂಜಾನೆ ಎರಡು ತಾಸು ಕಟ್ಟೆಯ ಮೇಲಿಟ್ಟು ಒಳಗೆ ತರಬಹುದು.

ಲೋಳೆಸರಕ್ಕೆ ಈ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಸಾಕು. ಮನಿಪ್ಲಾಂಟಿನ ಎಲೆಗಳ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಗೊಬ್ಬರ ಯಾವುದಕ್ಕೂ ಬೇಡ.

ಬಿಲ್ವ ಮಾತ್ರ ನಿಜದಲ್ಲಿ ಒಳಮನೆಯ ಗಿಡವಲ್ಲ. ಬಿಸಿಲನ್ನು ಬೇಡುವ ಮರ. ಚಳಿಗಾಲ ಮುಗಿಯುವ ಹೊತ್ತಿಗೆ ಅದು ತಾನಾಗಿ ಎಲೆ ಉದುರಿಸುತ್ತದೆ, ಅದು ಅದರ ಸ್ವಭಾವ. ನಮ್ಮ ಎರಡನೆಯ ಸಸಿಯನ್ನು, ಎಲೆಯೆಲ್ಲ ಹೋಯಿತೆಂದು ಗಾಬರಿಗೊಂಡು, ನೀರಿನಿಂದಲೇ ಮುಳುಗಿಸಿದ್ದೆವು. ಬರಿಗೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಬೇಸಿಗೆಯಲ್ಲಿ ಚಿಗುರುವವರೆಗೆ ತಾಳ್ಮೆಯಿಂದ ಕಾಯಬೇಕು, ಇದ್ದ ನಾಲ್ಕು ಎಲೆಗಳನ್ನು ಪೂಜೆಗೆಂದು ಕೀಳಬಾರದು. ಈಗ ನಮ್ಮಲ್ಲಿ ಬೆಳೆಯುತ್ತಿರುವುದು ಮೂರನೆಯ ಸಸಿ. ಕಾರಹುಣ್ಣಿವೆಯ ಮಳೆ ಬಿದ್ದೊಡನೆ ಅದನ್ನು ಕುಂಡದಿಂದ ಬಿಡಿಸಿ ನೆಲಕ್ಕಿಳಿಸುವವರಿದ್ದೇವೆ.