ಕೇಳುವ ಬಾಯಿ, ತಿರುವುವ ಚಾವಿ

ಎಸ್‌ಎಸ್‌ಎಲ್‌ಸಿ ಮಕ್ಕಳ ಪ್ರವೇಶಪತ್ರ ಮುದ್ರಿಸಬೇಕಾದ ದಿನವೇ ನಮ್ಮ ಶಾಲೆಯ ಪ್ರಿಂಟರ್ ಕೈಕೊಟ್ಟಿತು. ಅದರ ಹಸಿರು ದೀಪವೇನೋ ಉರಿಯುತ್ತಿತ್ತು. ಕಂಪ್ಯೂಟರ್ ಮಾತ್ರ ‘ಆಫ್‌ಲೈನ್’ ಎನ್ನುತ್ತಿತ್ತು. ಧಾರವಾಡದಲ್ಲೇ ಕಂಪ್ಯೂಟರ್ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿ ನಕ್ಕ.

“ಪ್ರಿಂಟರ್‌ಗೆ ಏನೂ ಆಗಿಲ್ರಿ ಸರ್. ರಜೆಯೊಳಗ ಯಾರೋ ಅದರ ಗುಟ್ಟಿನ ಪದ ಬದಲಿಸ್ಯಾರ. ಕಂಪ್ಯೂಟರ್ ಇನ್ನೂ ಹಳೇ ಪದಾನ ಹೇಳಾಕತ್ತೈತಿ. ಅದಕ್ಕ ಇದು ಬಾಯಿ ಬಿಡವಲ್ದು.”

ಜಾಲದಲ್ಲಿರುವ ಯಂತ್ರಗಳ ಯೋಗಕ್ಷೇಮ ವಿಚಾರಿಸುವ ಈ ಪದ್ಧತಿಗೆ ‘ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೊಕಾಲ್’, ಚಿಕ್ಕದಾಗಿ ಎಸ್‌ಎನ್‌ಎಂಪಿ ಎಂದು ಹೆಸರು. ಇದು ಹೊರಬಂದದ್ದು 1988ರಲ್ಲಿ. ಪ್ರಿಂಟರ್, ಸ್ವಿಚ್, ರೌಟರ್‌ಗಳ ಒಳಗೆ ‘ಏಜೆಂಟ್’ ಎಂಬ ಪುಟ್ಟ ತಂತ್ರಾಂಶವಿರುತ್ತದೆ. ‘ಮ್ಯಾನೇಜರ್’ ಕಂಪ್ಯೂಟರ್ ಅದನ್ನು ಆಗಾಗ ಕೇಳುತ್ತದೆ: ಚಾಲೂ ಆಗಿ ಎಷ್ಟು ಹೊತ್ತಾಯಿತು? ಎಷ್ಟು ಮಾಹಿತಿ ಹರಿಯಿತು? ಟೋನರ್ ಎಷ್ಟು ಉಳಿದಿದೆ? ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಗೊತ್ತುಮಾಡಿರುವುದರಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನೂ ಒಂದೇ ರೀತಿ ವಿಚಾರಿಸಬಹುದು. ಕೇಬಲ್ ಕಿತ್ತುಹೋದಂಥ ಸಂದರ್ಭದಲ್ಲಿ ಏಜೆಂಟ್ ತಾನಾಗಿಯೇ ‘ಟ್ರ್ಯಾಪ್’ ಎಂಬ ಸುದ್ದಿ ಕಳಿಸುವುದೂ ಉಂಟು.

ಕೇಳುವುದು ‘ಗೆಟ್’. ಇನ್ನೊಂದಿದೆ, ‘ಸೆಟ್’. ಅದು ಆಜ್ಞೆ. ಅದರಿಂದ ದೂರದಲ್ಲಿ ಕುಳಿತೇ ಸ್ವಿಚ್ಚಿನ ಒಂದು ಕಿಂಡಿಯನ್ನು ಮುಚ್ಚಬಹುದು, ಯಂತ್ರದ ವ್ಯವಸ್ಥೆಯನ್ನೇ ಬದಲಿಸಬಹುದು. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ತಿಳಿಸಲು ನೀರು ಬಿಡುವವನ ಉದಾಹರಣೆ ಸಾಕು. ಮಲಪ್ರಭೆ ನೀರು ಎಂದು ಬರುತ್ತದೆಂದು ಅವನನ್ನು ಯಾರೂ ಕೇಳಬಹುದು. ಆದರೆ ವಾಲ್ವ್ ತಿರುವುವ ಚಾವಿ ಕಂಡಕಂಡವರ ಕೈಗೆ ಹೋದರೆ ಒಂದು ಓಣಿ ತುಂಬಿ ಹರಿದು ಇನ್ನೊಂದು ಒಣಗೀತು!

ಜಾಲದಲ್ಲಿ ಈ ಚಾವಿ ಒಂದು ಪದ ಮಾತ್ರ. ಎಷ್ಟೋ ಯಂತ್ರಗಳು ಕಾರ್ಖಾನೆಯಿಂದ ಬರುವಾಗಲೇ ಕೇಳಲು ‘ಪಬ್ಲಿಕ್’, ಆಜ್ಞಾಪಿಸಲು ‘ಪ್ರೈವೇಟ್’ ಎಂಬ ಪದ ಹೊತ್ತು ಬಂದಿವೆ. ಲೋಕಕ್ಕೆಲ್ಲ ಗೊತ್ತಿರುವುದು ಗುಟ್ಟು ಹೇಗಾದೀತು? ಸಾಲದ್ದಕ್ಕೆ, ಮೊದಲೆರಡು ಆವೃತ್ತಿಗಳಲ್ಲಿ ಈ ಪದ ಪೋಸ್ಟ್ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತದೆ. 2002ರಲ್ಲಿ ಪೂರ್ಣ ಮಾನಕವಾದ ಮೂರನೆಯ ಆವೃತ್ತಿಯಲ್ಲಿ ಬಳಕೆದಾರರಿಗೆ ಪ್ರತ್ಯೇಕ ಗುರುತು, ಸಂದೇಶಕ್ಕೆ ಗೂಢಲಿಪಿ, ಎರಡಕ್ಕೂ ಅವಕಾಶವಿದೆ.

ಅಂದು ಹೊಸ ಪದ ಬರೆದೊಡನೆ ಪ್ರವೇಶಪತ್ರಗಳು ಒಂದೊಂದಾಗಿ ಹೊರಬಂದವು. ನಾನು ದೋಷವೆಂದುಕೊಂಡದ್ದು ಪ್ರಿಂಟರಿನ ಎಚ್ಚರವಾಗಿತ್ತು. ಗುರುತಿಲ್ಲದವರಿಗೆ ಉತ್ತರಿಸದೆ ಅದು ಸುಮ್ಮನಿತ್ತು, ಅಷ್ಟೆ. ನಿಮ್ಮ ಕಚೇರಿಯ ಯಂತ್ರಗಳಲ್ಲಿ ಇನ್ನೂ ‘ಪಬ್ಲಿಕ್’ ಎಂದೇ ಇದೆಯೇ? ಬಲ್ಲವರಿಂದ ಒಮ್ಮೆ ನೋಡಿಸಿರಿ.