ಎಲೆಯಾಟ ಕೈಕೊಟ್ಟರೆ ತಪ್ಪು ಯಾರದು?

ಮಕ್ಕಳೇ, ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರಿನಲ್ಲಿ ‘ಫ್ರೀಸೆಲ್’ ಎಂಬ ಎಲೆಯಾಟವಿದೆ. ಪಣವಿಲ್ಲ, ಮುಚ್ಚಿದ ಎಲೆಯೂ ಇಲ್ಲ. 52 ಎಲೆಗಳೂ ಕಣ್ಣೆದುರೇ ಇರುತ್ತವೆ. ಆಟ ಕೈಕೊಟ್ಟರೆ ‘ಕಂಪ್ಯೂಟರ್ ಕೆಟ್ಟಿತು’ ಎಂದು ಮೂಲೆಗೆ ಸರಿಸಬೇಡಿ. ಒಂದೊಂದಾಗಿ ಪರೀಕ್ಷಿಸಿ.

ಪರದೆಯ ಬಾಣ ತಡವರಿಸುತ್ತದೆಯೇ? ಮೌಸ್ ತಿರುಗಿಸಿ ನೋಡಿ. ಅಡಿಯಲ್ಲಿ ಗುಂಡು ಇದ್ದರೆ, ಅದು ತಿರುಗಿಸುವ ಒಳಗಿನ ಉರುಳೆಗಳಿಗೆ ಧೂಳು ಮೆತ್ತಿರಬಹುದು. ಶಿಕ್ಷಕರ ಎದುರಿನಲ್ಲಿ ಗುಂಡು ತೆಗೆದು, ಒಣಬಟ್ಟೆಯಿಂದ ಒರೆಸಿ.

ಆಟ ಸ್ತಬ್ಧವಾಯಿತೇ? ಸ್ವಿಚ್ ಆರಿಸಬೇಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಪಟ್ಟಿಯಲ್ಲಿ ಆಟದ ಹೆಸರು ಆರಿಸಿ, ‘ಎಂಡ್ ಟಾಸ್ಕ್’ ಒತ್ತಿ. ಆಟವಷ್ಟೇ ಮುಚ್ಚುತ್ತದೆ.

ಎಲ್ಲ ಸರಿಯಿದ್ದೂ ಗೆಲ್ಲಲಾಗದಿದ್ದರೆ? ಎಫ್3 ಒತ್ತಿದಾಗ ಆಟದ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆಯಿಂದಲೇ ಲೆಕ್ಕ ಹಾಕಿ ಕಂಪ್ಯೂಟರ್ ಎಲೆ ಹಂಚುತ್ತದೆ. ಆದ್ದರಿಂದ ಒಂದೇ ಸಂಖ್ಯೆ ಕೊಟ್ಟರೆ ಮುಂಡರಗಿಯಲ್ಲೂ ಲಕ್ಷ್ಮೇಶ್ವರದಲ್ಲೂ ಒಂದೇ ಹಂಚಿಕೆ! 1994–95ರಲ್ಲಿ ಡೇವ್ ರಿಂಗ್ ಎಂಬವರು ಆಗಿನ 32,000 ಆಟಗಳನ್ನು ಅನೇಕರಿಗೆ ಹಂಚಿ ಆಡಿಸಿದರು. 11982ನೆಯದು ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ಅದಕ್ಕೆ ಉತ್ತರವೇ ಇಲ್ಲವೆಂದು ಬಳಿಕ ಕಂಪ್ಯೂಟರುಗಳೂ ತೋರಿಸಿದವು.

ಮಾಡಿ ನೋಡಿ: ಶಿರಹಟ್ಟಿಯ ಗೆಳೆಯರೂ ಗದಗ-ಬೆಟಗೇರಿಯ ಗೆಳೆಯರೂ ಒಂದೇ ಸಂಖ್ಯೆ ಆಡಿ. ಒಬ್ಬರು ಗೆದ್ದರೂ ಸಾಕು, ಆ ಆಟಕ್ಕೆ ಉತ್ತರವಿದೆ ಎಂದು ಸಾಬೀತಾಯಿತು!