ಬಹುಪ್ರೊಸೆಸರ್ ಗಣಕಗಳಲ್ಲಿ ಲಿನಕ್ಸ್: ಹುಣಸಗಿಯ ಮಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕರ್ನಾಟಕದ ಸಂಶೋಧನಾ ಸಾಹಿತ್ಯದಲ್ಲಿ ಹುಣಸಗಿಯ ಹೆಸರು ಬಂದೊಡನೆ ನೆನಪಾಗುವುದು ಹಳೆ ಶಿಲಾಯುಗ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1970ರ ದಶಕದಿಂದ ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ನಡೆಸಿದ ಅನ್ವೇಷಣೆಗಳು ಈ ಊರನ್ನು ಪ್ರಾಗಿತಿಹಾಸದ ಭೂಪಟದಲ್ಲಿ ಶಾಶ್ವತವಾಗಿ ಸೇರಿಸಿದವು. ಅದೇ ಊರು ಇನ್ನೊಂದು ಭೂಪಟದಲ್ಲಿಯೂ ಇದೆ; ಅದನ್ನು ಗಮನಿಸಿದವರು ಕಡಿಮೆ. ಹವಾಮಾನದ ಮುನ್ಸೂಚನೆಗಾಗಿ ಗಣಕದೊಳಗೆ ರಚಿತವಾಗುವ, ಭೂಮಿಯನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಒಡೆದಿಡುವ ಭೂಪಟವದು. ತೊಗರಿ ಬಿತ್ತುವ ದಿನವಾಗಲಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರಿನ ನಿರೀಕ್ಷೆಯಾಗಲಿ ಮಳೆಯನ್ನೇ ಅವಲಂಬಿಸಿರುವ ಸೀಮೆಗೆ ಈ ಭೂಪಟದ ಚೌಕ ಎಷ್ಟು ದೊಡ್ಡದು ಎಂಬುದು ಸಣ್ಣ ಪ್ರಶ್ನೆಯಲ್ಲ.

2018ರಲ್ಲಿ ಭಾರತದ ಜಾಗತಿಕ ಮುನ್ಸೂಚನಾ ಮಾದರಿಯ ಚೌಕದ ಬದಿ ಸುಮಾರು 12 ಕಿ.ಮೀ. ಇತ್ತು. ಸುಮಾರು 5,200 ಚದರ ಕಿ.ಮೀ. ವಿಸ್ತಾರದ ಯಾದಗಿರಿ ಜಿಲ್ಲೆಗೆ ಆಗ ಸಿಕ್ಕಿದ್ದು ಮೂವತ್ತಾರರಷ್ಟು ಚೌಕಗಳು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಈ ಬದಿಯನ್ನು 6 ಕಿ.ಮೀ.ಗೆ ಇಳಿಸಿತು, ಜಿಲ್ಲೆಯ ಚೌಕಗಳು ನೂರ ನಲವತ್ತನ್ನು ದಾಟಿದವು. ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಗಾಳಿ ಒಂದು ಚೌಕವನ್ನು ದಾಟುವ ಅವಧಿಯೂ ಅರ್ಧವಾಗುವುದರಿಂದ ಲೆಕ್ಕದ ಕಾಲಹೆಜ್ಜೆಗಳು ಇಮ್ಮಡಿಯಾಗಬೇಕು. ಹೀಗೆ ಒಟ್ಟು ಶ್ರಮ ಎಂಟು ಪಟ್ಟು. ನಾಳಿನ ಮಳೆಯ ಲೆಕ್ಕ ನಾಳಿದ್ದು ಮುಗಿದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಒಂದೇ ಪ್ರೊಸೆಸರನ್ನು ಎಂಟು ಪಟ್ಟು ವೇಗಗೊಳಿಸುವ ದಾರಿ 2000ದ ದಶಕದ ಮಧ್ಯಭಾಗಕ್ಕೇ ಮುಚ್ಚಿಹೋಯಿತು. ವೇಗ ಹೆಚ್ಚಿದಷ್ಟೂ ಚಿಪ್ಪು ತಾಳಲಾರದಷ್ಟು ಬಿಸಿಯಾಗತೊಡಗಿತು. ಉಳಿದ ದಾರಿ ಒಂದೇ, ಹಲವು ಪ್ರೊಸೆಸರ್‌ಗಳಿಗೆ ಕೆಲಸವನ್ನು ಹಂಚುವುದು.

ಹಂಚುವುದು ಹೇಳಿದಷ್ಟು ಸುಲಭವಲ್ಲ. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ಸಾರವಿದು: ಒಂದು ಕೆಲಸದಲ್ಲಿ ನೂರಕ್ಕೆ ಐದು ಪಾಲು ಒಬ್ಬರೇ ಮಾಡಬೇಕಾದುದಿದ್ದರೆ, ಎಷ್ಟು ಜನ ಸೇರಿದರೂ ಕೆಲಸ ಇಪ್ಪತ್ತು ಪಟ್ಟಿಗಿಂತ ಬೇಗ ಮುಗಿಯದು. ಲೆಕ್ಕ ಹಾಕಿ ನೋಡಿದರೆ ನಾಲ್ಕು ಪ್ರೊಸೆಸರ್‌ಗಳಿಂದ ಸುಮಾರು ಮೂರೂವರೆ ಪಟ್ಟು, ಇಪ್ಪತ್ನಾಲ್ಕರಿಂದ ಹನ್ನೊಂದು ಪಟ್ಟು ವೇಗ ದೊರೆಯುತ್ತದೆ. ಮೂವತ್ತು ಸಾವಿರ ಜೋಡಿಸಿದರೂ ಇಪ್ಪತ್ತರ ಗಡಿ ದಾಟುವುದಿಲ್ಲ. ಆದ್ದರಿಂದ ಬಹುಪ್ರೊಸೆಸರ್ ಗಣಕದ ಇತಿಹಾಸವನ್ನು ಪ್ರೊಸೆಸರ್‌ಗಳ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಒಂದು ಪ್ರೊಸೆಸರ್ ಇನ್ನೊಂದಕ್ಕಾಗಿ ಕಾಯುವ ಕಾಲವನ್ನು ಎಷ್ಟು ಕಡಿಮೆ ಮಾಡಲಾಯಿತು ಎಂಬುದೇ ಸರಿಯಾದ ಅಳತೆಗೋಲು.

ಕನ್ನಡ ನಾಡಿನಲ್ಲಿ ಈ ಇತಿಹಾಸ ಲಿನಕ್ಸ್‌ಗಿಂತ ಹಳೆಯದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಗಣಕವನ್ನು ನಿರ್ಮಿಸಿತು. ಇಂಟೆಲ್ 8086 ಮತ್ತು 8087 ಚಿಪ್ಪುಗಳ ನಾಲ್ಕು ಜೋಡಿಗಳನ್ನು ಹೊಂದಿದ್ದ ಅದು ಭಾರತದ ಮೊದಲ ಸಮಾಂತರ ಗಣಕ. ದ್ರವಗಳ ಹರಿವಿನ ಸಮೀಕರಣಗಳನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು. ಗಾಳಿಯೂ ಒಂದು ಹರಿವೇ ಆದ್ದರಿಂದ ಅದರ ಮುಂದಿನ ಪೀಳಿಗೆಗಳು ಮಾನ್ಸೂನ್ ಮುನ್ಸೂಚನೆಗೂ ಒದಗಿದವು. 1980ರ ದಶಕದ ಕೊನೆಯಲ್ಲಿ ಅಮೆರಿಕದಿಂದ ದೆಹಲಿಗೆ ಬಂದ ಕ್ರೇ ಎಕ್ಸ್-ಎಂಪಿ/14 ಯಂತ್ರದಲ್ಲಿ ಇದ್ದುದು ಒಂದೇ ಪ್ರೊಸೆಸರ್ ಎಂಬುದನ್ನು ಇಲ್ಲಿ ನೆನೆಯಬಹುದು.

ಲಿನುಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು ತಮ್ಮ ಮನೆಯ ಒಂಟಿ ಪ್ರೊಸೆಸರಿನ ಗಣಕಕ್ಕೆ. ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ಅದು ಅಧಿಕೃತವಾಗಿ ಗುರುತಿಸತೊಡಗಿದ್ದು 1996ರ ಜೂನ್‌ನಲ್ಲಿ ಹೊರಬಂದ 2.0 ಆವೃತ್ತಿಯಿಂದ. ಈ ಕೆಲಸದ ಬಹುಭಾಗವನ್ನು ಮಾಡಿದವರು ವೇಲ್ಸ್‌ನ ಅಲನ್ ಕಾಕ್ಸ್. ಕ್ಯಾಲ್ಡೆರಾ ಸಂಸ್ಥೆ ದಾನವಾಗಿ ಕೊಟ್ಟ ಜೋಡಿ ಪೆಂಟಿಯಂ ಬೋರ್ಡೇ ಅವರ ಪ್ರಯೋಗಶಾಲೆ.

ಅವರು ಎದುರಿಸಿದ ತೊಡಕನ್ನು ನಮ್ಮ ಕಡೆಯ ಒಂದು ದಲಾಲಿ ಅಂಗಡಿಯ ನಿದರ್ಶನದಿಂದ ತಿಳಿಯಬಹುದು. ಕಿರ್ದಿಯಲ್ಲಿ ತೊಗರಿಯ ದಾಸ್ತಾನು 500 ಚೀಲ ಎಂದಿದೆ. ಒಬ್ಬ ಗುಮಾಸ್ತ 20 ಚೀಲ, ಇನ್ನೊಬ್ಬ 30 ಚೀಲ ಬರಮಾಡಿಕೊಳ್ಳುತ್ತಾನೆ. ಇಬ್ಬರೂ ಏಕಕಾಲಕ್ಕೆ 500 ಎಂಬುದನ್ನು ಓದಿಕೊಂಡು, ತಂತಮ್ಮ ಮೊತ್ತವನ್ನು ಕೂಡಿಸಿ ಬರೆದರೆ ಕೊನೆಗೆ ಉಳಿಯುವುದು 520 ಇಲ್ಲವೆ 530. ನಿಜವಾದ 550 ಎಲ್ಲಿಯೂ ದಾಖಲಾಗದು. ಎರಡು ಪ್ರೊಸೆಸರ್‌ಗಳು ಒಂದೇ ಸ್ಮೃತಿಯನ್ನು ಹಂಚಿಕೊಂಡಾಗ ಆಗುವ ಪ್ರಮಾದ ಇದೇ. ಪರಿಹಾರವೆಂದರೆ ಬೀಗ: ಒಬ್ಬನ ಕೈಯಲ್ಲಿ ಕಿರ್ದಿ ಇರುವಾಗ ಇನ್ನೊಬ್ಬ ಕಾಯಬೇಕು. 2.0 ಆವೃತ್ತಿಯಲ್ಲಿ ಇಡೀ ಕರ್ನೆಲ್‌ಗೆ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ, ಇದ್ದುದು ಒಂದೇ ದೊಡ್ಡ ಬೀಗ. ತಂತಮ್ಮ ಲೆಕ್ಕದಲ್ಲಿ ಮುಳುಗಿರುವವರೆಗೆ ಪ್ರೊಸೆಸರ್‌ಗಳಿಗೆ ಅಡ್ಡಿಯಿರಲಿಲ್ಲ. ಕಡತ ತೆರೆಯಲು ಅಥವಾ ಸ್ಮೃತಿ ಕೇಳಲು ಕರ್ನೆಲ್‌ನೊಳಗೆ ಬಂದರೆ ಸಾಲಿನಲ್ಲಿ ನಿಲ್ಲಲೇಬೇಕಿತ್ತು. ಎರಡು ಪ್ರೊಸೆಸರ್‌ಗಳಿಗೆ ಇದು ಸಹ್ಯ, ಹದಿನಾರಕ್ಕೆ ಅಸಹ್ಯ. ಮುಂದಿನ ಆವೃತ್ತಿಗಳಲ್ಲಿ ದೊಡ್ಡ ಬೀಗವನ್ನು ಒಡೆದು ಒಂದೊಂದು ಪಟ್ಟಿಗೆ ಒಂದೊಂದು ಸಣ್ಣ ಬೀಗ ಮಾಡಲಾಯಿತು. ಕೆಲಸ ಎಷ್ಟು ನಿಧಾನವಾಗಿ ಸಾಗಿತೆಂದರೆ ಆ ಮೊದಲ ಬೀಗ ಪೂರ್ತಿಯಾಗಿ ತೊಲಗಿದ್ದು 2011ರ ಮೇ ತಿಂಗಳ 2.6.39ರಲ್ಲಿ.

ಸಣ್ಣ ಬೀಗವೂ ಬೀಗವೇ. ಅಂಗಡಿಯ ಮುಂದೆ ತೂಗುಹಾಕಿದ ಧಾರಣೆಯ ಪಟ್ಟಿಯನ್ನು ದಿನಕ್ಕೆ ಸಾವಿರ ಜನ ಓದುತ್ತಾರೆ, ಬದಲಿಸುವವನು ಒಂದೋ ಎರಡೋ ಸಲ ಬದಲಿಸುತ್ತಾನೆ. ಓದುವ ಸಾವಿರ ಜನರೂ ಬೀಗ ತೆಗೆದು ಹಾಕುತ್ತ ಕೂರುವುದು ವ್ಯರ್ಥ. ಸೀಕ್ವೆಂಟ್ ಸಂಸ್ಥೆಯಲ್ಲಿದ್ದ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ಇದಕ್ಕೊಂದು ಉಪಾಯ ರೂಪಿಸಿದ್ದರು. ಬದಲಿಸುವವನು ಹಳೆಯ ಪಟ್ಟಿಯನ್ನು ಮುಟ್ಟುವುದಿಲ್ಲ. ಪ್ರತಿ ಮಾಡಿಕೊಂಡು, ಪ್ರತಿಯನ್ನು ತಿದ್ದಿ, ಒಂದೇ ಕ್ಷಣದಲ್ಲಿ ಹೊಸದನ್ನು ತೂಗುಹಾಕುತ್ತಾನೆ. ಆಗಲೇ ಓದುತ್ತಿದ್ದವರು ಹಳೆಯದನ್ನೇ ಓದಿ ಮುಗಿಸುತ್ತಾರೆ. ಕೊನೆಯ ಓದುಗ ಹೊರಟ ಮೇಲೆ ಹಳೆಯ ಹಾಳೆಯನ್ನು ಹರಿದುಹಾಕಬಹುದು. ಓದುವವರಿಗೆ ಬೀಗವೇ ಇಲ್ಲ. ಇದನ್ನು ‘ರೀಡ್-ಕಾಪಿ ಅಪ್‌ಡೇಟ್’ ಎನ್ನುತ್ತಾರೆ.

1999ರಲ್ಲಿ ಸೀಕ್ವೆಂಟ್ ಸಂಸ್ಥೆಯನ್ನು ಐಬಿಎಂ ಕೊಂಡ ಬಳಿಕ ಈ ವಿಧಾನವನ್ನು ಲಿನಕ್ಸ್‌ಗೆ ತರುವ ಕೆಲಸದಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಗಣಕ ಚರಿತ್ರೆಯ ನಮ್ಮ ಬರಹಗಳಲ್ಲಿ ಇದಕ್ಕೆ ತಕ್ಕ ಸ್ಥಾನ ದೊರೆತಂತಿಲ್ಲ. ಐಬಿಎಂನ ಬೆಂಗಳೂರು ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ, ಮೆಕೆನ್ನಿ ಮೊದಲಾದವರೊಡನೆ 2001ರ ಆಟಾವಾ ಲಿನಕ್ಸ್ ಸಮ್ಮೇಳನದ ಪ್ರಬಂಧಕ್ಕೆ ಸಹಲೇಖಕರಾಗಿದ್ದರು. 2002ರಲ್ಲಿ ಕರ್ನೆಲ್‌ನ ಅಭಿವೃದ್ಧಿ ಆವೃತ್ತಿಗೆ ಸೇರಿದ ಈ ವಿಧಾನದ ಮೂಲ ಕಡತದ ತಲೆಬರಹದಲ್ಲಿ ಕರ್ತೃಗಳೆಂದು ದೀಪಂಕರ್ ಶರ್ಮಾ ಹಾಗೂ ಮ್ಯಾನ್‌ಫ್ರೆಡ್ ಸ್ಪ್ರೌಲ್ ಅವರ ಹೆಸರುಗಳಿವೆ. ಕಡತಗಳ ಹೆಸರುಗಳನ್ನು ಹುಡುಕುವ ಕರ್ನೆಲ್‌ನ ಭಾಗ ಧಾರಣೆಯ ಪಟ್ಟಿಯಂತೆಯೇ ಓದು ಹೆಚ್ಚು, ತಿದ್ದುಪಡಿ ಕಡಿಮೆ ಇರುವಂಥದು. ಅದಕ್ಕೆ ಈ ವಿಧಾನವನ್ನು ಅಳವಡಿಸಿದ್ದು ಇದೇ ತಂಡ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಆವೃತ್ತಿಯೊಡನೆ ಅದು ಎಲ್ಲರ ಕೈಗೂ ತಲುಪಿತು.

ಒಂದು ಪೆಟ್ಟಿಗೆಯೊಳಗಿನ ಸಮಸ್ಯೆ ಹೀಗೆ ಹತೋಟಿಗೆ ಬಂದಿತು. ಸಾವಿರಾರು ಪೆಟ್ಟಿಗೆಗಳ ಮಾತು ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಗೊಂಡ ‘ಸಹಸ್ರಟಿ’ ಎಂಬ ಕ್ರೇ ಎಕ್ಸ್‌ಸಿ40 ಯಂತ್ರದಲ್ಲಿ 1,376 ಗಣಕಘಟಕಗಳಿದ್ದವು. ಪ್ರತಿಯೊಂದರಲ್ಲಿ ಹನ್ನೆರಡು ಕೋರ್‌ಗಳ ಎರಡು ಚಿಪ್ಪುಗಳು, ಒಟ್ಟು 33,024 ಕೋರ್‌ಗಳು. ಕೋರ್ ಎಂದರೆ ಲಿನಕ್ಸ್‌ನ ಕಣ್ಣಿಗೆ ಒಂದು ಪೂರ್ಣ ಪ್ರೊಸೆಸರೇ. ಪ್ರತಿ ಘಟಕದಲ್ಲಿಯೂ ಲಿನಕ್ಸ್‌ನ ಸ್ವತಂತ್ರ ಪ್ರತಿ ಓಡುತ್ತಿತ್ತು. ಒಂದು ಘಟಕದೊಳಗೂ ಸ್ಮೃತಿ ಸಮಾನವಲ್ಲ: ಪ್ರತಿ ಚಿಪ್ಪಿಗೆ ತನ್ನ ಪಕ್ಕದ ಸ್ಮೃತಿ ಹತ್ತಿರ, ಜೊತೆಗಾರನದು ದೂರ. ದತ್ತವನ್ನು ಮೊದಲು ಮುಟ್ಟಿದ ಕೋರ್‌ಗೆ ಹತ್ತಿರದ ಸ್ಮೃತಿಯಲ್ಲಿಯೇ ಜಾಗ ಕೊಡುವುದು ಲಿನಕ್ಸ್‌ನ ವಾಡಿಕೆ. ಇದನ್ನರಿಯದೆ ಒಂದೇ ಕೋರ್‌ನಿಂದ ಎಲ್ಲ ದತ್ತವನ್ನೂ ತುಂಬಿಸಿದರೆ, ಆಮೇಲೆ ಉಳಿದರ್ಧ ಕೋರ್‌ಗಳು ದೂರದ ನೀರು ಹೊತ್ತು ಸುಸ್ತಾಗುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಮುನ್ಸೂಚನೆಯ ಲೆಕ್ಕದಲ್ಲಿ ಪ್ರತಿ ಕಾಲಹೆಜ್ಜೆಯ ಕೊನೆಗೆ ಎಲ್ಲರೂ ಎಲ್ಲರಿಗಾಗಿ ನಿಲ್ಲಬೇಕು. ಮೇಜಿನ ಮೇಲಿನ ಗಣಕದಲ್ಲಿ ಲಿನಕ್ಸ್ ಆಗಾಗ ಮುದ್ರಕವನ್ನು ವಿಚಾರಿಸಿದರೆ, ದಿನಚರಿ ಬರೆದರೆ ನಷ್ಟವಿಲ್ಲ. ಸಾವಿರ ಘಟಕಗಳಲ್ಲಿ ಒಂದು ಹಾಗೆ ಕ್ಷಣಕಾಲ ಹೊರಳಿದರೂ ಉಳಿದೆಲ್ಲವೂ ನಿಂತುಬಿಡುತ್ತವೆ. ಅದಕ್ಕಾಗಿ ಇಂಥ ಯಂತ್ರಗಳ ಲೆಕ್ಕದ ಘಟಕಗಳಿಗೆ ಅನಗತ್ಯ ಸೇವೆಗಳನ್ನೆಲ್ಲ ಕಿತ್ತುಹಾಕಿದ ಲಿನಕ್ಸನ್ನು ಕೊಡಲಾಗುತ್ತದೆ. ಮೂಲ ಕ್ರಮಲೇಖ ಮುಕ್ತವಾಗಿರುವುದರಿಂದಲೇ ಇದು ಸಾಧ್ಯ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಮೊದಲ ಐನೂರು ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ್ದು ಒಂದೂ ಕಾಣಿಸಿಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಘಟಕಗಳ ನಡುವೆ ಹಂಚಿಕೊಂಡ ಸ್ಮೃತಿಯಿಲ್ಲ, ಸಂದೇಶ ಕಳಿಸಬೇಕು. ಹುಣಸಗಿಯ ಚೌಕ ಒಂದು ಘಟಕದ ಪಾಲಿಗೆ, ಕೃಷ್ಣೆಯ ಆಚೆಗಿನ ಲಿಂಗಸುಗೂರಿನ ಚೌಕ ಇನ್ನೊಂದರ ಪಾಲಿಗೆ ಬಂದಿದೆ ಎನ್ನೋಣ. ನದಿ ದಾಟುವ ಮೋಡಕ್ಕೆ ಈ ಗಡಿ ತಿಳಿಯದು. ಪ್ರತಿ ಹೆಜ್ಜೆಗೂ ಅಂಚಿನ ಚೌಕಗಳ ಗಾಳಿ, ಉಷ್ಣತೆ, ತೇವಾಂಶಗಳ ಬೆಲೆಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಲೇಬೇಕು.

ದೊಡ್ಡ ಯಂತ್ರವಿಲ್ಲದ ಸಂಶೋಧಕನಿಗೂ ಈ ವಿಷಯ ನೇರವಾಗಿ ಸಂಬಂಧಿಸಿದೆ. ‘ಡಬ್ಲ್ಯುಆರ್‌ಎಫ್’ ಎಂಬ ಪ್ರಾದೇಶಿಕ ಹವಾಮಾನ ಮಾದರಿ ಉಚಿತವಾಗಿ ದೊರೆಯುತ್ತದೆ, ಲಿನಕ್ಸ್‌ನಲ್ಲಿ ಓಡುತ್ತದೆ. ಯಾದಗಿರಿ ಅಥವಾ ಕಲಬುರಗಿಯ ಕಾಲೇಜೊಂದು ಹದಿನಾರು ಕೋರ್‌ಗಳ ಒಂದು ಯಂತ್ರದಲ್ಲಿ 3 ಕಿ.ಮೀ. ಬದಿಯ 60×60 ಚೌಕಗಳನ್ನು ಹರಡಿದರೆ 180 ಕಿ.ಮೀ. ಅಗಲದ ಸೀಮೆ ಅದರೊಳಗೆ ಬರುತ್ತದೆ. ಹದಿನಾರು ಪಾಲು ಮಾಡಿದಾಗ ಒಬ್ಬೊಬ್ಬರಿಗೆ 15×15, ಅಂದರೆ 225 ಚೌಕ; ಅದರಲ್ಲಿ ಅಂಚಿನವು 56, ಕಾಲುಭಾಗ. ಇನ್ನೂ ಬೇಗ ಮುಗಿಯಲೆಂದು ಯಂತ್ರಗಳನ್ನು ಎರವಲು ತಂದು ನೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಬರುವುದು 36 ಚೌಕ, ಅದರಲ್ಲಿ 20 ಅಂಚಿನವೇ. ಆಗ ಲೆಕ್ಕಕ್ಕಿಂತ ನೆರೆಯವರ ಸಂದೇಶಕ್ಕೆ ಕಾಯುವುದೇ ಹೆಚ್ಚಾಗುತ್ತದೆ. ಸಾಮಾನ್ಯ ಜಾಲತಂತಿಯಲ್ಲಿ ಜೋಡಿಸಿದ ಆ ನೂರು ಕೋರ್‌ಗಳು ಮೊದಲಿನ ಹದಿನಾರಕ್ಕಿಂತ ಹಿಂದೆ ಬಿದ್ದರೂ ಆಶ್ಚರ್ಯವಿಲ್ಲ. ಯಂತ್ರ ಕೊಳ್ಳುವ ಮುನ್ನ ಕಾಗದದ ಮೇಲೆ ಈ ಅಂಚಿನ ಲೆಕ್ಕವನ್ನು ಹಾಕಲು ಅರ್ಧ ಗಂಟೆ ಸಾಕು.